ಮೌಸ್ ಹಿಪೊಕ್ಯಾಂಪಸ್ ಕಲ್ಚರ್: ಐದನೆಯ ದಿನಕ್ಕೇ ಚಪ್ಪಟೆ ಕೋಶಗಳು ತುಂಬಿಕೊಳ್ಳುತ್ತಿವೆ, ತಪ್ಪು ಬಿಡಿಸುವುದರಲ್ಲಿದೆಯೇ, ಮೀಡಿಯಂನಲ್ಲಿದೆಯೇ?

ಪ್ರಶ್ನೆ | ಹೊಸಹೆಜ್ಜೆ

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ಪಿಎಚ್‌.ಡಿ.ಯ ಎರಡನೆಯ ವರ್ಷದಲ್ಲಿರುವ ವಿದ್ಯಾರ್ಥಿನಿ. ಸಿನಾಪ್ಸ್‌ಗಳಿಗೆ (ನರಕೋಶಗಳು ಒಂದಕ್ಕೊಂದು ಸಂಕೇತ ದಾಟಿಸುವ ಸಂಧಿಗಳಿಗೆ) ಒಂದು ಪ್ರೋಟೀನ್ ಹೇಗೆ ಸಾಗುತ್ತದೆ ಎಂಬುದನ್ನು ನೋಡುವುದು ನನ್ನ ವಿಷಯವಾದ್ದರಿಂದ, ಮೌಸ್‌ನ ಗರ್ಭಸ್ಥ ಮರಿಗಳ ಮಿದುಳಿನಲ್ಲಿ ನೆನಪಿಗೆ ಸಂಬಂಧಿಸಿದ ಹಿಪೊಕ್ಯಾಂಪಸ್ ಎಂಬ ಭಾಗದಿಂದ ನರಕೋಶಗಳನ್ನು ಬೇರ್ಪಡಿಸಿ ಕನಿಷ್ಠ 14 ದಿನ, ಸಾಧ್ಯವಾದರೆ 21 ದಿನ ಕಲ್ಚರ್‌ನಲ್ಲಿ (ತಟ್ಟೆಯಲ್ಲಿ ಬೆಳೆಸುತ್ತಾ) ಉಳಿಸಿಕೊಳ್ಳಬೇಕಾಗಿದೆ. ನಮ್ಮಲ್ಲಿ ಇದುವರೆಗೆ ಹೆಕ್ 293 ಮತ್ತು ನ್ಯೂರೋ-2ಎ ಎಂಬ, ತಾವಾಗಿ ವಿಭಜನೆಯಾಗುತ್ತಲೇ ಇರುವ ಸಿದ್ಧ ಕೋಶಗಳ ಮೇಲಷ್ಟೇ ಕೆಲಸ ನಡೆದಿರುವುದರಿಂದ, ಪಕ್ಕದಲ್ಲಿ ನಿಂತು ಕೈಹಿಡಿದು ಕಲಿಸುವವರು ಯಾರೂ ಇಲ್ಲ. ಹಿಂದೆ ಇಲ್ಲಿದ್ದ ಹಿರಿಯರೊಬ್ಬರ ನೋಟ್‌ಬುಕ್‌ನಲ್ಲಿದ್ದ ವಿಧಾನವನ್ನು ಅನುಸರಿಸುತ್ತಿದ್ದೇನೆ. ಪ್ರಾಣಿಗಳಿಗೆ ಸಂಬಂಧಿಸಿದ ಭಾಗಕ್ಕೆ ಸಂಸ್ಥೆಯ ನೈತಿಕ ಸಮಿತಿಯ ಅನುಮತಿಯಿದೆ, ಆ ಹಂತವನ್ನು ಅನುಮೋದಿತ ವಿಧಾನದಂತೆ ಪ್ರಾಣಿಗೃಹದವರೇ ನಡೆಸಿಕೊಡುತ್ತಾರೆ. ನನ್ನ ತೊಂದರೆ ಶುರುವಾಗುವುದು ಮಿದುಳು ನನ್ನ ತಟ್ಟೆಗೆ ಬಂದ ಮೇಲೆ.

ಈಗ ಮಾಡುತ್ತಿರುವುದು ಹೀಗಿದೆ. ಗರ್ಭದ 18ನೆಯ ದಿನದ ಎಂಟು ಮರಿಗಳ ಮಿದುಳುಗಳನ್ನು ಮೊದಲು ಒಟ್ಟಿಗೇ ಹೊರತೆಗೆದು, ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಇಲ್ಲದ ತಣ್ಣನೆಯ ಹ್ಯಾಂಕ್ಸ್ ದ್ರಾವಣದಲ್ಲಿ (ಕೋಶಗಳಿಗೆ ಒಗ್ಗುವ ಲವಣದ ನೀರಿನಲ್ಲಿ) ಇಟ್ಟುಕೊಳ್ಳುತ್ತೇನೆ. ನಂತರ ಒಂದೊಂದನ್ನೇ ಸ್ಟೀರಿಯೋ ಮೈಕ್ರೋಸ್ಕೋಪಿನ ಕೆಳಗೆ ಬಿಡಿಸಿ, ಹಿಪೊಕ್ಯಾಂಪಸ್ ಕತ್ತರಿಸಿಕೊಂಡ ಮೇಲೆ ಅದರ ಮೇಲಿನ ಮೆನಿಂಜಿಸ್ ಪೊರೆಯನ್ನು ತೆಗೆಯಲು ಪ್ರಯತ್ನಿಸುತ್ತೇನೆ. ಅರ್ಧದಷ್ಟು ತುಂಡುಗಳಲ್ಲಿ ಪೊರೆ ಬರುವುದೇ ಇಲ್ಲ, ಎಳೆದರೆ ಅಂಗಾಂಶವೇ ಹರಿದು ಬರುತ್ತದೆ. ಎಲ್ಲವೂ ಮುಗಿಯುವಷ್ಟರಲ್ಲಿ ಎರಡು ಗಂಟೆ ಕಳೆದಿರುತ್ತದೆ. ಆಮೇಲೆ ಅಂಗಾಂಶವನ್ನು ಸಡಿಲಿಸುವ ಕಿಣ್ವವಾದ ಟ್ರಿಪ್ಸಿನ್‌ನ ಶೇ. 0.25ರ ದ್ರಾವಣದಲ್ಲಿ 37 ಡಿಗ್ರಿಯಲ್ಲಿ 20 ನಿಮಿಷ ಇಟ್ಟು, ಒಂದು ಮಿಲಿಲೀಟರಿನ ನೀಲಿ ಟಿಪ್ ಬಳಸಿ ಸುಮಾರು 30 ಸಲ ಮೇಲೆ ಕೆಳಗೆ ಎಳೆಯುತ್ತೇನೆ. ಈ ಹಂತದಲ್ಲಿ ಬೆಂಡೆಕಾಯಿಯ ಲೋಳೆಯಂಥ ಒಂದು ಮುದ್ದೆ ಹುಟ್ಟಿಕೊಂಡು ಕೋಶಗಳನ್ನೆಲ್ಲ ಒಳಗೆ ಸೇರಿಸಿಕೊಂಡುಬಿಡುತ್ತದೆ. ಡಿಎನ್‌ಎಯನ್ನು ಕತ್ತರಿಸುವ ಕಿಣ್ವ ಡಿಎನ್‌ಏಸ್ ಹಾಕಿ ನೋಡಿದೆ, ವ್ಯತ್ಯಾಸ ಕಾಣಲಿಲ್ಲ. ಸತ್ತ ಕೋಶಗಳಿಗಷ್ಟೇ ಹಿಡಿಯುವ ಟ್ರಿಪಾನ್ ಬ್ಲೂ ಬಣ್ಣ ಹಾಕಿ ಎಣಿಸಿದರೆ ನೂರಕ್ಕೆ 60ರಿಂದ 65 ಕೋಶಗಳು ಮಾತ್ರ ಜೀವಂತ ಇರುತ್ತವೆ.

ಕೋಶಗಳು ಅಂಟಿಕೊಳ್ಳಲೆಂದು ಪಾಲಿ-ಡಿ-ಲೈಸಿನ್ ಲೇಪಿಸಿದ ಗಾಜಿನ ಕವರ್ ಸ್ಲಿಪ್‌ಗಳ ಮೇಲೂ ಪ್ಲಾಸ್ಟಿಕ್ ತಟ್ಟೆಗಳಲ್ಲೂ ಕೋಶಗಳನ್ನು ಹಾಕಿ, ನಾಲ್ಕು ಗಂಟೆಗಳ ನಂತರ ಸೀರಂ ಇರುವ ಮೀಡಿಯಂ (ಪೋಷಕ ದ್ರವ) ತೆಗೆದು, ನರಕೋಶಗಳಿಗೆಂದೇ ಇರುವ ನ್ಯೂರೋಬೇಸಲ್ ಮೀಡಿಯಂ ಮತ್ತು ಅದಕ್ಕೆ ಸೇರಿಸುವ ಪೂರಕ ಬಿ-27 ಕೊಡುತ್ತೇನೆ. ಮರುದಿನ ನೋಡಿದಾಗ ಕಣ್ಣಿಗೆ ಹಬ್ಬವಾಗುವಂತೆ ಇರುತ್ತವೆ. ಮೂರನೆಯ ದಿನವೂ ಪರವಾಗಿಲ್ಲ. ಐದನೆಯ ದಿನಕ್ಕೆ ಎಲ್ಲೆಡೆ ಚಪ್ಪಟೆಯಾದ, ಅಗಲವಾದ ಕೋಶಗಳು ಹರಡಿಕೊಂಡಿರುತ್ತವೆ. ಗಾಜಿನ ಮೇಲಿನ ನರಕೋಶಗಳು ಗುಂಪುಗುಂಪಾಗಿ ಉಂಡೆಗಟ್ಟಿ, ಉಂಡೆಯಿಂದ ಉಂಡೆಗೆ ದಪ್ಪ ಹಗ್ಗಗಳನ್ನು ಎಳೆದಂತೆ ಕಾಣುತ್ತವೆ. ಒಂಬತ್ತನೆಯ ದಿನಕ್ಕೆ ಏನೂ ಉಳಿದಿರುವುದಿಲ್ಲ.

ಸತತ ನಾಲ್ಕು ಸಲ ಹೀಗಾಗಿದೆ. ಪ್ರತಿ ಸಲವೂ ಒಂದು ತಾಯಿ ಮತ್ತು ಅಷ್ಟು ಮರಿಗಳು ವ್ಯರ್ಥವಾಗುತ್ತಿವೆ ಎಂಬುದು ಮನಸ್ಸಿಗೆ ಬಹಳ ಚುಚ್ಚುತ್ತದೆ. ಬಿ-27 ಹಳೆಯದಾಗಿರಬೇಕು ಎನ್ನುತ್ತಾರೆ ಕೆಲವರು, ಟ್ರಿಪ್ಸಿನ್ ಬಿಟ್ಟು ಪಪೈನ್ ಹಿಡಿಯಿರಿ ಎನ್ನುತ್ತಾರೆ ಇನ್ನು ಕೆಲವರು, ಕೋಶ ವಿಭಜನೆಯನ್ನು ತಡೆಯುವ ಆರಾ-ಸಿ ಔಷಧವನ್ನು ಮೊದಲ ದಿನದಿಂದಲೇ ಹಾಕಿ ಎಂದೂ ಸಲಹೆ ಬಂದಿದೆ. ಯಾವುದನ್ನು ಮೊದಲು ಬದಲಿಸಬೇಕೆಂದು ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ 1 | ಹಳೆಯ ಚಿಮುಟ

ನಿಮ್ಮ ಪ್ರಶ್ನೆಯಲ್ಲಿ ವಿವರಗಳು ಸಾಕಷ್ಟು ಇರುವುದರಿಂದ ಉತ್ತರಿಸುವುದು ಸುಲಭವಾಗಿದೆ. ಮೀಡಿಯಂ ಅನ್ನು ಸದ್ಯಕ್ಕೆ ಮುಟ್ಟಬೇಡಿ. ಸಾಯುವ ಕಲ್ಚರ್ ಕಂಡಾಗ ಎಲ್ಲರ ಕಣ್ಣೂ ಮೊದಲು ಬಿ-27 ಬಾಟಲಿಯ ಕಡೆಗೇ ಹೋಗುತ್ತದೆ. ಆದರೆ ನೂರರಲ್ಲಿ 60 ಕೋಶಗಳು ಮಾತ್ರ ಬದುಕಿದ್ದ ಕಲ್ಚರ್ ಮೀಡಿಯಂ ಮುಟ್ಟುವ ಮೊದಲೇ ಅರ್ಧ ಸೋತಿರುತ್ತದೆ. ಈ ಸಂಖ್ಯೆ 85ನ್ನು ದಾಟುವವರೆಗೆ ತಟ್ಟೆಯಲ್ಲಿ ಕಾಣುವ ಯಾವ ಲಕ್ಷಣಕ್ಕೂ ಕಾರಣ ಹುಡುಕುವುದರಲ್ಲಿ ಹೆಚ್ಚಿನ ಅರ್ಥವಿಲ್ಲ.

ಮೊದಲಿಗೆ 18 ಎಂಬ ಅಂಕಿ. ಹಿರಿಯರ ನೋಟ್‌ಬುಕ್‌ನಲ್ಲಿದ್ದ ವಿಧಾನ ಮೌಸ್‌ಗಾಗಿ ಬರೆದದ್ದೋ ರ್‍ಯಾಟ್‌ಗಾಗಿ ಬರೆದದ್ದೋ ಎಂದು ನೋಡಿದ್ದೀರಾ? ಹಿಪೊಕ್ಯಾಂಪಸ್ ನರಕೋಶಗಳನ್ನು ಬಿಡಿಬಿಡಿಯಾಗಿ ಬೆಳೆಸುವ ಕ್ರಮವನ್ನು ಬ್ಯಾಂಕರ್ ಮತ್ತು ಕವನ್ 1977ರಲ್ಲಿ ಪ್ರಕಟಿಸಿದ್ದು ರ್‍ಯಾಟ್‌ನಲ್ಲಿ. ಆಮೇಲೆ ಪ್ರಪಂಚವೆಲ್ಲ ನಕಲು ಮಾಡಿಕೊಂಡ ‘18ನೆಯ ದಿನ’ ಎಂಬುದು ರ್‍ಯಾಟ್‌ನ ದಿನ. ರ್‍ಯಾಟ್‌ನ ಗರ್ಭಾವಧಿ 21ರಿಂದ 23 ದಿನ, ಮೌಸ್‌ನದು 19ರಿಂದ 21. ಕನ್ನಡದಲ್ಲಿ ಎರಡನ್ನೂ ನಾವು ಇಲಿಯೆಂದೇ ಕರೆಯುತ್ತೇವೆ, ಅದರಿಂದ ಊರಿನಲ್ಲಿ ಯಾರಿಗೂ ನಷ್ಟವಿಲ್ಲ, ಆದರೆ ತಟ್ಟೆಯ ಮುಂದೆ ಆ ಎರಡು ದಿನಗಳ ಅಂತರ ಎದ್ದು ಕಾಣುತ್ತದೆ. 18ನೆಯ ದಿನದ ಮೌಸ್ ಮರಿ ಹುಟ್ಟುವ ಹೊಸ್ತಿಲಲ್ಲಿರುತ್ತದೆ. ಆಗ ನರಕೋಶಗಳ ಕವಲುಗಳು ಉದ್ದವಾಗಿ ಚಾಚಿಕೊಂಡಿರುವುದರಿಂದ ಬಿಡಿಸುವಾಗ ಹೆಚ್ಚು ಕೋಶಗಳು ಹರಿದು ಸಾಯುತ್ತವೆ, ನರಕೋಶಗಳಿಗೆ ಆಸರೆಯಾಗಿರುವ ಗ್ಲಿಯಾ ಕೋಶಗಳ ಪಾಲೂ ಏರತೊಡಗಿರುತ್ತದೆ. ಹುಟ್ಟಿದ ದಿನದ ಮರಿಗಳಿಂದಲೂ ಒಳ್ಳೆಯ ಕಲ್ಚರ್ ಮಾಡುವವರಿದ್ದಾರೆ, ಆದ್ದರಿಂದ 18 ಅಸಾಧ್ಯವೆಂದು ಹೇಳುತ್ತಿಲ್ಲ. ಕಲಿಯುವ ಕೈಗೆ 16.5ರಿಂದ 17.5ರ ನಡುವಿನ ಮರಿಗಳು ಸುಲಭ. ಅದಕ್ಕಿಂತ ಎಳೆಯದಾದರೆ ಅಂಗಾಂಶ ಬೆಣ್ಣೆಯಂತಿದ್ದು, ಚಿಮುಟ ತಾಗಿದಲ್ಲೆಲ್ಲ ಗುಳಿ ಬೀಳುತ್ತದೆ.

ಈಗ ಪೊರೆಯ ವಿಷಯ. ನೀವು ಹಿಪೊಕ್ಯಾಂಪಸ್ಸನ್ನು ಕತ್ತರಿಸಿಕೊಂಡ ಮೇಲೆ ಪೊರೆ ತೆಗೆಯಲು ಹೋಗುತ್ತಿದ್ದೀರಿ. ಕ್ರಮವನ್ನು ತಿರುಗಿಸಿ. ಚಿಕ್ಕ ತುಂಡಿನ ಮೇಲೆ ಪೊರೆಗೆ ಹಿಡಿಯಲು ಅಂಚೇ ಇರುವುದಿಲ್ಲ, ಎಳೆಯಲು ಆನಿಸಿಕೊಳ್ಳುವ ಜಾಗವೂ ಇರುವುದಿಲ್ಲ. ಇಡೀ ಅರ್ಧಗೋಳ ಇರುವಾಗ ಎರಡೂ ಇರುತ್ತವೆ. ನಾನು ಮಾಡುವುದು ಹೀಗೆ: ಮಿದುಳನ್ನು ತಟ್ಟೆಯಲ್ಲಿ ಬೆನ್ನು ಮೇಲಾಗಿ ಇಟ್ಟು, ಎಡಗೈಯ ಚಿಮುಟದಿಂದ ಕಿರುಮಿದುಳಿನ ಭಾಗವನ್ನು ತಟ್ಟೆಗೆ ಒತ್ತಿ ಹಿಡಿದು (ಆ ಭಾಗ ನಮಗೆ ಬೇಡವಾದ್ದರಿಂದ ಜಜ್ಜಿದರೂ ಚಿಂತೆಯಿಲ್ಲ) ಬಲಗೈಯ ಚಿಮುಟದಿಂದ ಎರಡು ಅರ್ಧಗೋಳಗಳನ್ನು ನಡುಗೆರೆಯಲ್ಲಿ ಬಿಡಿಸಿ ಪಕ್ಕಕ್ಕೆ ಹೊರಳಿಸುತ್ತೇನೆ. ಪ್ರತಿ ಅರ್ಧಗೋಳವನ್ನೂ ಒಳಮೈ ಮೇಲೆ ಬರುವಂತೆ ಮಲಗಿಸಿ, ಥಾಲಮಸ್‌ನ ಉಳಿಕೆಯನ್ನು ತೆಗೆದುಹಾಕಿದರೆ, ಹಿಂಬದಿಯ ಅಂಚಿನಲ್ಲಿ ಗೋಡಂಬಿಯಂತೆ ಬಾಗಿದ, ಸುತ್ತಲಿನ ಕಾರ್ಟೆಕ್ಸ್‌ಗಿಂತ ತುಸು ದಟ್ಟವಾಗಿ ಕಾಣುವ ಭಾಗವೇ ಹಿಪೊಕ್ಯಾಂಪಸ್. ಅದನ್ನು ಕಂಡ ಸಂತೋಷದಲ್ಲಿ ಕತ್ತರಿಸಲು ಹೋಗಬೇಡಿ.

ಮುಂಭಾಗದ ಘ್ರಾಣಗಡ್ಡೆಯ ಬಳಿ ಪೊರೆಯ ಅಂಚನ್ನು ಚಿಮುಟದ ತುದಿಯಲ್ಲಿ ಹಿಡಿದು, ಇನ್ನೊಂದು ಚಿಮುಟದ ಹಿಂಬದಿಯಿಂದ ಅಂಗಾಂಶವನ್ನು ಒತ್ತದೆ ಆನಿಸಿಕೊಂಡು, ಮೇಲಕ್ಕಲ್ಲದೆ ಮೇಲ್ಮೈಗೆ ಸಮಾನಾಂತರವಾಗಿ ನಿಧಾನವಾಗಿ ಎಳೆಯಿರಿ. ಕೆಂಪು ರಕ್ತನಾಳಗಳ ಬಲೆ ಹೊತ್ತ ಪೊರೆ ಒಂದೇ ಹಾಳೆಯಾಗಿ ಸರಿದು ಬರುತ್ತದೆ. ನೆನೆಸಿದ ಅವರೆಕಾಳನ್ನು ಹಿದುಕಿದವರು ನಾವೆಲ್ಲ. ಸಿಪ್ಪೆಯ ಸ್ವಭಾವ ಇಲ್ಲಿಯೂ ಅದೇ, ಆದರೆ ಹಿದುಕುವಂತಿಲ್ಲ, ಸಿಪ್ಪೆಯನ್ನಷ್ಟೇ ಸರಿಸಬೇಕು. ಹಿಪೊಕ್ಯಾಂಪಸ್ಸಿನ ಒಳಂಚಿಗೆ ಅಂಟಿಕೊಂಡಿರುವ, ಕೆಂಪಗೆ ನಿರಿಗೆಯಂತೆ ಕಾಣುವ ಕೊರಾಯ್ಡ್ ಪ್ಲೆಕ್ಸಸ್ ಕೂಡ ಅನೇಕ ಸಲ ಇದರೊಡನೆಯೇ ಬರುತ್ತದೆ, ಬಾರದಿದ್ದರೆ ಬೇರೆಯಾಗಿ ತೆಗೆಯಿರಿ. ಮೈ ಪೂರ್ತಿ ಬಿಳಿಯಾಗಿ, ಒಂದು ಕೆಂಪು ಗೆರೆಯೂ ಉಳಿಯದಂತೆ ಆದ ಮೇಲೆಯೇ ಹಿಪೊಕ್ಯಾಂಪಸ್ಸಿನ ಅಂಚನ್ನು ಹಿಡಿದು ಕತ್ತರಿಸಬೇಕು. ಪೊರೆ ಉಳಿದ ತುಂಡನ್ನು ‘ಇರಲಿ’ ಎಂದು ಸೇರಿಸಬೇಡಿ. ಆ ಪೊರೆಯ ಫೈಬ್ರೋಬ್ಲಾಸ್ಟ್‌ಗಳು (ನಾರು ಅಂಗಾಂಶ ಕಟ್ಟುವ ಕೋಶಗಳು) ವಿಭಜನೆಯಾಗುತ್ತಲೇ ಹೋಗುತ್ತವೆ, ನರಕೋಶಗಳು ಆಗುವುದಿಲ್ಲ. ಮೊದಲ ದಿನ ಕಣ್ಣಿಗೆ ಬೀಳದಷ್ಟು ಕಡಿಮೆಯಿದ್ದರೂ ಐದನೆಯ ದಿನಕ್ಕೆ ಅವುಗಳದೇ ರಾಜ್ಯ.

ಚಿಮುಟದ ಬಗ್ಗೆ ಒಂದು ಮಾತು. 5ನೆಯ ಸಂಖ್ಯೆಯ ಡ್ಯೂಮಾಂಟ್ ಚಿಮುಟಗಳು ಎರಡು ಬೇಕು, ಅವುಗಳ ತುದಿಗಳು ಸರಿಯಾಗಿ ಕೂಡಬೇಕು. ಒಮ್ಮೆ ಕೆಳಗೆ ಬಿದ್ದ ಚಿಮುಟದಿಂದ ಪೊರೆ ಹಿಡಿಯಲಾಗುವುದಿಲ್ಲ, ಅದು ಜಾರುತ್ತದೆ ಅಥವಾ ಹರಿಯುತ್ತದೆ. ಹೊಸಬರು ‘ನನ್ನ ಕೈ ಸರಿಯಿಲ್ಲ’ ಎಂದು ಕೊರಗುವ ಎಷ್ಟೋ ಸಂದರ್ಭಗಳಲ್ಲಿ ಕೆಟ್ಟಿರುವುದು ಚಿಮುಟದ ತುದಿ. ನನ್ನ ಜೋಡಿಯನ್ನು ಸಿಲಿಕೋನ್ ಕೊಳವೆ ತೊಡಿಸಿ ಬೀಗದಲ್ಲಿ ಇಡುತ್ತೇನೆ, ಇದಕ್ಕಾಗಿ ಸಹೋದ್ಯೋಗಿಗಳು ನಗುವುದೂ ಉಂಟು.

ಲೋಳೆಯ ಮುದ್ದೆ ಸತ್ತ ಕೋಶಗಳಿಂದ ಹೊರಬಿದ್ದ ಡಿಎನ್‌ಎ. ನಿಮ್ಮ ಡಿಎನ್‌ಏಸ್ ಏಕೆ ಕೆಲಸ ಮಾಡಲಿಲ್ಲ ಎಂಬುದಕ್ಕೆ ಉತ್ತರ ನಿಮ್ಮ ಬರಹದಲ್ಲಿಯೇ ಇದೆ: ಆ ಕಿಣ್ವಕ್ಕೆ ಮೆಗ್ನೀಸಿಯಂ ಬೇಕು, ನೀವು ಅದನ್ನು ಹಾಕುತ್ತಿರುವುದು ಮೆಗ್ನೀಸಿಯಂ ಇಲ್ಲದ ದ್ರಾವಣಕ್ಕೆ. ಟ್ರಿಪ್ಸಿನ್‌ನಲ್ಲಿ ಇಡಿಟಿಎ ಸಹ ಇದ್ದರೆ ಅಲ್ಪಸ್ವಲ್ಪ ಇದ್ದದ್ದನ್ನೂ ಅದು ಹಿಡಿದುಕೊಳ್ಳುತ್ತದೆ. ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಇಲ್ಲದ ದ್ರಾವಣ ಬಿಡಿಸುವುದಕ್ಕೆ ಮತ್ತು ಟ್ರಿಪ್ಸಿನ್ ಹಂತಕ್ಕೆ ಸರಿ, ಏಕೆಂದರೆ ಕೋಶಕೋಶಗಳ ನಡುವಿನ ಬಂಧಕ್ಕೆ ಕ್ಯಾಲ್ಸಿಯಂ ಬೇಕು. ಟ್ರಿಪ್ಸಿನ್ ತೆಗೆದು ಮೂರು ಸಲ ತೊಳೆದ ಮೇಲೆ, ಎರಡೂ ಇರುವ ದ್ರಾವಣಕ್ಕೆ ಡಿಎನ್‌ಏಸ್ ಸೇರಿಸಿ ಅದರಲ್ಲಿ ಕೋಶಗಳನ್ನು ಬಿಡಿಸಿ. ಆದರೂ ಡಿಎನ್‌ಏಸ್ ಕಸ ಗುಡಿಸುವ ಪೊರಕೆಯಷ್ಟೇ. ಕಸ ಅಷ್ಟೊಂದು ಏಕೆ ಬೀಳುತ್ತಿದೆ ಎಂಬುದನ್ನು ನೋಡಬೇಕು, ಅದಕ್ಕೆ ನಿಮ್ಮ ಎರಡು ಗಂಟೆ ಮತ್ತು ನೀಲಿ ಟಿಪ್ ಎರಡೂ ಹೊಣೆ.

ಎಂಟು ಮಿದುಳುಗಳನ್ನು ಒಮ್ಮೆಲೇ ತೆಗೆದಿಟ್ಟರೆ ಎಂಟನೆಯದು ತನ್ನ ಸರದಿಗಾಗಿ ಎರಡು ಗಂಟೆ ಕಾಯುತ್ತದೆ. ಕಲಿಯುವ ತನಕ ನಾಲ್ಕು ಮರಿಗಳಿಗೆ ಸೀಮಿತಗೊಳಿಸಿಕೊಳ್ಳಿ. ಮೊದಲ ಮಿದುಳಿನಿಂದ ಟ್ರಿಪ್ಸಿನ್‌ವರೆಗೆ ಒಂದು ಗಂಟೆ ಮೀರಬಾರದು. ತಟ್ಟೆಯ ಕೆಳಗೆ ಐಸ್ ಇರಲಿ, ಸೂಕ್ಷ್ಮದರ್ಶಕದ ದೀಪ ಬಿಸಿಯಾಗದ ಬಗೆಯದಾಗಿರಲಿ. ಹ್ಯಾಂಕ್ಸ್ ದ್ರಾವಣಕ್ಕೆ 10 ಮಿಲಿಮೋಲಾರ್ ಹೆಪೆಸ್ (ಪಿಎಚ್ ಬದಲಾಗದಂತೆ ಹಿಡಿದಿಡುವ ಬಫರ್) ಸೇರಿಸಿ, ಇಲ್ಲವಾದರೆ ಹೊರಗಾಳಿಯಲ್ಲಿ ದ್ರಾವಣ ಕ್ಷಾರೀಯವಾಗುತ್ತಾ ನೇರಳೆಗೆ ತಿರುಗುತ್ತದೆ. ನೀವೂ ಆ ಬಣ್ಣ ನೋಡಿರುತ್ತೀರಿ, ಮುಖ್ಯವೆಂದು ಅನಿಸಿರಲಿಕ್ಕಿಲ್ಲ.

ನೀಲಿ ಟಿಪ್ ಬಿಟ್ಟು, ತುದಿಯನ್ನು ಜ್ವಾಲೆಯಲ್ಲಿ ನಯಗೊಳಿಸಿದ ಗಾಜಿನ ಪಾಶ್ಚರ್ ಪಿಪೆಟ್ ಬಳಸಿ. ಮೊದಲು ಅಗಲ ಬಾಯಿಯದರಲ್ಲಿ, ಆಮೇಲೆ ಬಾಯಿ ಅರ್ಧದಷ್ಟು ಕಿರಿದಾದದ್ದರಲ್ಲಿ, ಒಟ್ಟು 10ರಿಂದ 15 ಸಲ ಸಾಕು. ಇದು ಮಜ್ಜಿಗೆ ಕಡೆಯುವ ಕೆಲಸವಲ್ಲ, ನೊರೆ ಬಂದರೆ ಕೋಶ ಸತ್ತಿತೆಂದೇ ತಿಳಿಯಿರಿ. ಬಿಡದ ಚೂರುಗಳು ಉಳಿದರೆ ಎರಡು ನಿಮಿಷ ತಳಕ್ಕಿಳಿಯಲು ಬಿಟ್ಟು ಮೇಲಿನದನ್ನಷ್ಟೇ ತೆಗೆದುಕೊಳ್ಳಿ. ಚೂರುಗಳ ಮೇಲಿನ ಆಸೆ ಬಿಡಬೇಕು.

ಪಪೈನ್ ಬಗ್ಗೆ ಕೇಳಿದ್ದೀರಿ. ಮಾಂಸ ಬೇಗ ಬೇಯಲೆಂದು ಮನೆಗಳಲ್ಲಿ ಹಾಕುವ ಪರಂಗಿಕಾಯಿಯ ಚೂರಿನಲ್ಲಿರುವ ಕಿಣ್ವವೇ ಅದು. ಹುಟ್ಟಿದ ನಂತರದ ಮರಿಗಳ ಗಟ್ಟಿ ಅಂಗಾಂಶಕ್ಕೆ ಟ್ರಿಪ್ಸಿನ್‌ಗಿಂತ ಖಂಡಿತ ಮೃದು. ಗರ್ಭಸ್ಥ ಮರಿಗಳಿಗೆ ತಾಜಾ ಟ್ರಿಪ್ಸಿನ್ 15 ನಿಮಿಷ ಸಾಕಾಗುತ್ತದೆ ಎಂಬುದು ನನ್ನ ಅಭಿಪ್ರಾಯ. ಒಮ್ಮೆಗೆ ಒಂದನ್ನಷ್ಟೇ ಬದಲಿಸಬೇಕಾದ ಸ್ಥಿತಿಯಲ್ಲಿ ನೀವಿರುವಾಗ ಕಿಣ್ವ ಬದಲಿಸುವುದು ಕೊನೆಗಿರಲಿ.

ಉತ್ತರ 2 | ಗಾಜಿನ ಬಿಲ್ಲೆ

ಮೇಲಿನ ಉತ್ತರದ ಬಹುಪಾಲು ಒಪ್ಪುತ್ತೇನೆ, ಒಂದು ವಿಷಯದಲ್ಲಿ ಮಾತ್ರ ಭಿನ್ನಾಭಿಪ್ರಾಯವಿದೆ. ಚಪ್ಪಟೆ ಕೋಶಗಳೆಲ್ಲ ಪೊರೆಯಿಂದ ಬಂದ ಫೈಬ್ರೋಬ್ಲಾಸ್ಟ್‌ಗಳೇ ಎಂದು ಕಣ್ಣಳತೆಯಲ್ಲಿ ಹೇಳಲಾಗದು. ಗ್ಲಿಯಾ ಬಗೆಯ ಆಸ್ಟ್ರೋಸೈಟ್‌ಗಳೂ ಹಾಗೆಯೇ ಚಪ್ಪಟೆಯಾಗಿ ಹರಡಿಕೊಳ್ಳುತ್ತವೆ. ಐದನೆಯ ದಿನದ ಒಂದೆರಡು ಕವರ್ ಸ್ಲಿಪ್‌ಗಳನ್ನು ತೆಗೆದು, ನರಕೋಶಗಳನ್ನು ಗುರುತಿಸುವ ಮ್ಯಾಪ್-2, ಆಸ್ಟ್ರೋಸೈಟ್‌ಗಳನ್ನು ಗುರುತಿಸುವ ಜಿಎಫ್‌ಎಪಿ ಬಣ್ಣಗಳನ್ನು ಹಾಕಿ ನೋಡಿ. ಚಪ್ಪಟೆ ಕೋಶಗಳು ಎರಡಕ್ಕೂ ಬಣ್ಣ ಹಿಡಿಯದಿದ್ದರೆ ಪೊರೆಯ ಮೇಲಿನ ಅನುಮಾನ ಗಟ್ಟಿಯಾಗುತ್ತದೆ. ಜಿಎಫ್‌ಎಪಿ ಹಿಡಿದರೆ ಎಷ್ಟು ಶ್ರದ್ಧೆಯಿಂದ ಪೊರೆ ತೆಗೆದರೂ ತೊಂದರೆ ಹೋಗುವುದಿಲ್ಲ, ಆಗ ಮರಿಯ ವಯಸ್ಸು ಮತ್ತು ಆರಾ-ಸಿ ಬಗ್ಗೆ ಯೋಚಿಸಬೇಕು. ಒಂದು ದಿನದ ಕೆಲಸದಿಂದ ಒಂದು ತಿಂಗಳ ಊಹೆ ತಪ್ಪುತ್ತದೆ.

ಆರಾ-ಸಿ ಅನ್ನು ಮೊದಲ ದಿನದಿಂದಲೇ ಹಾಕಿ ಎಂಬ ಸಲಹೆಯನ್ನು ದಯವಿಟ್ಟು ಪಾಲಿಸಬೇಡಿ. ಅದು ವಿಭಜನೆಯಾಗುವ ಕೋಶಗಳಲ್ಲಿ ಡಿಎನ್‌ಎ ತಯಾರಿಯನ್ನು ತಡೆಯುವ ಔಷಧ; ನರಕೋಶಗಳು ವಿಭಜನೆಯಾಗದಿದ್ದರೂ ಪ್ರಮಾಣ ಹೆಚ್ಚಾದರೆ ಅವುಗಳಿಗೂ ವಿಷವೇ. ಮೂರನೆಯ ಅಥವಾ ನಾಲ್ಕನೆಯ ದಿನ, 1ರಿಂದ 3 ಮೈಕ್ರೋಮೋಲಾರ್‌ನಷ್ಟು, ಒಮ್ಮೆ ಹಾಕಿದರೆ ಸಾಕು. ಕೆಲವು ಆಸ್ಟ್ರೋಸೈಟ್‌ಗಳು ಇರುವುದು ನರಕೋಶಗಳಿಗೆ ಒಳ್ಳೆಯದೇ, ಎಲ್ಲವನ್ನೂ ಅಳಿಸುವ ಹಟ ಬೇಡ.

ನಿಮ್ಮ ಬರಹದಲ್ಲಿ ನನ್ನ ಗಮನ ಸೆಳೆದದ್ದು ಇನ್ನೊಂದು ವಾಕ್ಯ: ‘ಗಾಜಿನ ಮೇಲಿನ ನರಕೋಶಗಳು ಉಂಡೆಗಟ್ಟುತ್ತವೆ.’ ಹಾಗಾದರೆ ಪ್ಲಾಸ್ಟಿಕ್ ಮೇಲೆ ಉಂಡೆಗಟ್ಟುತ್ತಿಲ್ಲವೇ? ಕೋಶಗಳು ಒಂದೇ, ಮೀಡಿಯಂ ಒಂದೇ, ದಿನ ಒಂದೇ ಆಗಿದ್ದು, ತಳ ಬದಲಾದಾಗ ಲಕ್ಷಣ ಬದಲಾದರೆ ತಪ್ಪು ತಳದಲ್ಲಿದೆ. ನರಕೋಶಕ್ಕೆ ತಳದ ಮೇಲಿನ ಹಿಡಿತಕ್ಕಿಂತ ಪಕ್ಕದ ಕೋಶದ ಮೇಲಿನ ಹಿಡಿತ ಹೆಚ್ಚಾದಾಗ ಅವು ಒಂದಕ್ಕೊಂದು ಎಳೆದುಕೊಂಡು ಗುಂಪಾಗುತ್ತವೆ, ಕವಲುಗಳು ಒಟ್ಟುಗೂಡಿ ನೀವು ಹೇಳಿದ ಹಗ್ಗಗಳಾಗುತ್ತವೆ. ಇದು ಲೇಪನ ಸರಿಯಾಗಿ ಕೂರದ ಗಾಜಿನ ಲಕ್ಷಣ. ಅಂದರೆ ನಿಮ್ಮಲ್ಲಿ ಒಂದಲ್ಲ, ಎರಡು ಬೇರೆ ಬೇರೆ ತೊಂದರೆಗಳಿವೆ, ಒಂದು ಇನ್ನೊಂದರ ಹಿಂದೆ ಅಡಗಿಕೊಂಡಿದೆ.

ಪೆಟ್ಟಿಗೆಯಿಂದ ತೆಗೆದ ಕವರ್ ಸ್ಲಿಪ್‌ನ ಮೇಲೆ ಕಣ್ಣಿಗೆ ಕಾಣದ ಜಿಡ್ಡು ಇರುತ್ತದೆ. ಆಲ್ಕೊಹಾಲ್‌ನಲ್ಲಿ ಅದ್ದಿ ಜ್ವಾಲೆ ತೋರಿಸಿದರೆ ಕ್ರಿಮಿಗಳು ಸಾಯುತ್ತವೆಯೇ ಹೊರತು ಜಿಡ್ಡು ಹೋಗುವುದಿಲ್ಲ. ಗಾಜನ್ನು ಒಂದೊಂದಾಗಿ ಪಿಂಗಾಣಿಯ ಚೌಕಟ್ಟಿನಲ್ಲಿ ನಿಲ್ಲಿಸಿ, ಪ್ರಬಲ ನೈಟ್ರಿಕ್ ಆಮ್ಲದಲ್ಲಿ ಒಂದು ರಾತ್ರಿಗಿಂತ ಹೆಚ್ಚು ಹೊತ್ತು ಇಡಬೇಕು. ಈ ಕೆಲಸ ಫ್ಯೂಮ್ ಹುಡ್‌ನೊಳಗೆ, ಕೈಗವಸು ಮತ್ತು ಕನ್ನಡಕ ಹಾಕಿಕೊಂಡೇ ನಡೆಯಬೇಕು, ಹತ್ತಿರದಲ್ಲಿ ಆಲ್ಕೊಹಾಲ್ ಅಥವಾ ಅಸಿಟೋನ್ ಬಾಟಲಿ ಇರಲೇಬಾರದು. ಅನಂತರ ಶುದ್ಧ ನೀರಿನಲ್ಲಿ ಹಲವು ಸಲ ತೊಳೆದು, ಒಣಗಿಸಿ, ಒಲೆಯಲ್ಲಿ ಒಣಶಾಖ ಕೊಡಿ.

ಪಾಲಿ-ಡಿ-ಲೈಸಿನ್ ಅನ್ನು ಯಾವುದರಲ್ಲಿ ಕರಗಿಸುತ್ತಿದ್ದೀರೆಂದು ಬರೆದಿಲ್ಲ. ನೀರಿನಲ್ಲಾದರೆ ಪಿಎಚ್ 8.5ರ ಬೋರೇಟ್ ಬಫರ್‌ಗೆ ಬದಲಿಸಿಕೊಳ್ಳಿ. ಒಂದು ಮಿಲಿಲೀಟರಿಗೆ 0.1 ಮಿಲಿಗ್ರಾಂ, ಒಂದು ರಾತ್ರಿ. ಮರುದಿನ ಮೂರು ಸಲ ತೊಳೆಯುವುದನ್ನು ಅವಸರದಲ್ಲಿ ಎರಡಕ್ಕೆ ಇಳಿಸಬೇಡಿ. ಗಾಜಿಗೆ ಅಂಟಿದ ಲೈಸಿನ್ ನರಕೋಶಕ್ಕೆ ಹಾಸಿಗೆಯಾದರೆ, ಅಂಟದೆ ತೇಲುವ ಲೈಸಿನ್ ವಿಷವಾಗುತ್ತದೆ. ಇದನ್ನು ನಾನು ಕಲಿತದ್ದು ಜರ್ಮನಿಯಲ್ಲಿ ಕೆಲಸ ಮಾಡುತ್ತಿದ್ದಾಗ, ಒಂದೇ ಶುಕ್ರವಾರದ ಸಂಜೆ 48 ಗುಳಿಗಳ (ಕಲ್ಚರ್ ತಟ್ಟೆಯಲ್ಲಿರುವ ಪುಟ್ಟ ಕುಳಿಗಳ) ಕಲ್ಚರ್ ಕಳೆದುಕೊಂಡು. ರೈಲು ಹಿಡಿಯುವ ತರಾತುರಿಯಲ್ಲಿ ಒಂದು ಸಲ ಮಾತ್ರ ತೊಳೆದಿದ್ದೆ.

ಉತ್ತರ 3 | ಪ್ರಾಣಿಗೃಹದಿಂದ

ನಾನು ಪಶುವೈದ್ಯ, ಸಂಶೋಧನಾ ಸಂಸ್ಥೆಯೊಂದರ ಪ್ರಾಣಿಗೃಹದಲ್ಲಿ ಕೆಲಸ ಮಾಡುತ್ತೇನೆ. ನರಕೋಶಗಳ ಬಗ್ಗೆ ಹೇಳುವ ಅರ್ಹತೆ ನನಗಿಲ್ಲ, ‘18ನೆಯ ದಿನ’ದ ಬಗ್ಗೆ ಇದೆ.

ಆ ಅಂಕಿಯನ್ನು ಯಾರು, ಎಲ್ಲಿಂದ ಎಣಿಸಿದರೆಂದು ಮೊದಲು ಕೇಳಿಕೊಳ್ಳಿ. ಗಂಡು ಹೆಣ್ಣುಗಳನ್ನು ಸಂಜೆ ಒಟ್ಟಿಗೆ ಬಿಟ್ಟು, ಮರುದಿನ ಬೆಳಿಗ್ಗೆ ಯೋನಿಯ ಬೆಣೆ (ಕೂಡಿದ್ದಕ್ಕೆ ಗುರುತಾಗಿ ಉಳಿಯುವ ಗಟ್ಟಿ ಮುದ್ದೆ) ಕಂಡರೆ ಆ ದಿನದ ಮಧ್ಯಾಹ್ನವನ್ನು ಅರ್ಧ ದಿನ, ಅಂದರೆ 0.5 ಎಂದು ಲೆಕ್ಕ ಹಿಡಿಯುವುದು ವಾಡಿಕೆ. ಆದರೆ ಬೆಣೆ ಕಂಡ ದಿನವನ್ನೇ ಒಂದನೆಯ ದಿನ ಎನ್ನುವ ಕಡೆಗಳೂ ಇವೆ, ಸೊನ್ನೆ ಎನ್ನುವ ಕಡೆಗಳೂ ಇವೆ. ಹಾಗಾಗಿ ಒಬ್ಬರ 18 ಇನ್ನೊಬ್ಬರ 17 ಆಗಿರಬಹುದು. ಬೆಣೆ ನೋಡದೆ, ಜೋಡಿ ಬಿಟ್ಟ ದಿನದಿಂದಲೇ ಎಣಿಸುವ ಕೆಟ್ಟ ಅಭ್ಯಾಸವನ್ನೂ ನಾನು ಕಂಡಿದ್ದೇನೆ. ಅಂಥಲ್ಲಿ ಮೂರು ದಿನಗಳವರೆಗೂ ವ್ಯತ್ಯಾಸ ಬರುತ್ತದೆ. ಮರಿಯನ್ನು ನೋಡಿಯೇ ವಯಸ್ಸು ಅಳೆಯಲು ಥೈಲರ್ ಹಂತಗಳ ಚಿತ್ರಪಟ ಇದೆ, ಒಂದು ಪ್ರತಿಯನ್ನು ಮೇಜಿನ ಮುಂದೆ ಅಂಟಿಸಿಕೊಳ್ಳಿ. ಒಂದು ಸುಲಭ ಗುರುತು ಹೇಳುವುದಾದರೆ, 16.5ರ ಹೊತ್ತಿಗೆ ರೆಪ್ಪೆಗಳು ಕೂಡಿ ಕಣ್ಣು ಮುಚ್ಚಿರುತ್ತದೆ. ಕಣ್ಣು ಇನ್ನೂ ತೆರೆದಿದ್ದರೆ ಮರಿ ನಿಮಗೆ ಬೇಕಾದದ್ದಕ್ಕಿಂತ ಎಳೆಯದು.

ಎರಡನೆಯದು, ತಳಿ. ಸ್ವಿಸ್ ಆಲ್ಬಿನೋ ತಾಯಿ ಸಾಮಾನ್ಯವಾಗಿ ಸಿ57ಬಿಎಲ್/6 ತಾಯಿಗಿಂತ ಹೆಚ್ಚು ಮರಿಗಳನ್ನು ಹೊತ್ತಿರುತ್ತದೆ. ತಳಿಯ ಗುಣವೇ ಮುಖ್ಯವಾದ ಪ್ರಯೋಗವಲ್ಲದಿದ್ದರೆ ಕಡಿಮೆ ತಾಯಂದಿರಲ್ಲಿ ಕೆಲಸ ಮುಗಿಯುತ್ತದೆ. ಹಾಗೆ ಬದಲಿಸುವುದಾದರೆ ಅದನ್ನು ನೈತಿಕ ಸಮಿತಿಗೆ ತಿಳಿಸಿ ತಿದ್ದುಪಡಿ ಪಡೆಯಬೇಕು. ನಮ್ಮ ದೇಶದಲ್ಲಿ ಈ ಸಮಿತಿಗಳು 1960ರ ಪ್ರಾಣಿಹಿಂಸೆ ತಡೆ ಕಾಯ್ದೆ ಮತ್ತು ಅದರಡಿಯ 1998ರ ನಿಯಮಗಳಂತೆ ನಡೆಯುತ್ತವೆ, ಅನುಮತಿಯಲ್ಲಿ ಬರೆದ ತಳಿ ಮತ್ತು ಸಂಖ್ಯೆ ಬರಿಯ ಕಾಗದದ ಮಾತಲ್ಲ.

ಮೂರನೆಯದು, ನಿಮ್ಮ ಮನಸ್ಸಿಗೆ ಚುಚ್ಚುತ್ತಿದೆ ಎಂದಿರಲ್ಲ, ಅದಕ್ಕೆ. ಪೊರೆ ಬಿಡಿಸುವುದನ್ನು ಕಲಿಯಲು ಪ್ರತ್ಯೇಕವಾಗಿ ಒಂದು ತಾಯಿಯನ್ನು ಬಳಸಬೇಕಾಗಿಲ್ಲ. ಬೇರೆ ಗುಂಪಿನವರು ಅನುಮೋದಿತ ಪ್ರಯೋಗದಲ್ಲಿ ಗರ್ಭಸ್ಥ ಮರಿಗಳ ಯಕೃತ್ತನ್ನೋ ಚರ್ಮವನ್ನೋ ತೆಗೆದುಕೊಂಡು ತಲೆಯನ್ನು ವಿಲೇವಾರಿಗೆ ಕಳಿಸುತ್ತಿರುತ್ತಾರೆ. ನಿಮ್ಮ ಪ್ರಾಣಿಗೃಹದವರಿಗೆ ಒಂದು ಮಾತು ಹೇಳಿಟ್ಟು, ಸಂಸ್ಥೆಯ ನಿಯಮದಂತೆ ಅವನ್ನು ಪಡೆದು ಅಭ್ಯಾಸ ಮಾಡಿ. ಹಾಗೆಯೇ ನೀವು ಹಿಪೊಕ್ಯಾಂಪಸ್ ತೆಗೆದುಕೊಂಡ ಮೇಲೆ ಉಳಿಯುವ ಕಾರ್ಟೆಕ್ಸ್ ಪಕ್ಕದ ಪ್ರಯೋಗಾಲಯಕ್ಕೆ ಬೇಕಾಗಿರಬಹುದು. ಕೇಳದೆ ಕಸಕ್ಕೆ ಹಾಕಬೇಡಿ.

ಹೊಸಹೆಜ್ಜೆ (ಏಳು ವಾರಗಳ ನಂತರ)

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ತಡವಾಗಿ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ, ಫಲಿತಾಂಶವಿಲ್ಲದೆ ಬರೆಯುವುದು ಬೇಡವೆಂದು ಕಾದೆ.

ನೋಟ್‌ಬುಕ್ ತೆರೆದು ಹಿಂದಿನ ಪುಟ ತಿರುಗಿಸಿದಾಗ ಮೂಲ ವಿಧಾನ ರ್‍ಯಾಟ್‌ನದೇ ಎಂಬುದು ಗೊತ್ತಾಯಿತು, ಮುಂದಿನ ಪುಟದಲ್ಲಿ ‘ಇಲಿ, 18 ದಿನ’ ಎಂದಷ್ಟೇ ಕನ್ನಡದಲ್ಲಿ ಬರೆದಿತ್ತು! ಪ್ರಾಣಿಗೃಹದಲ್ಲಿ ವಿಚಾರಿಸಿದರೆ, ನಮ್ಮಲ್ಲಿ ಬೆಣೆ ಕಂಡ ದಿನವನ್ನು ಸೊನ್ನೆ ಎಂದು ಎಣಿಸುತ್ತಾರೆ. ನನಗೆ ಬರುತ್ತಿದ್ದ ಮರಿಗಳು ಹೆಚ್ಚುಕಡಿಮೆ 18.5ರವು, ಹುಟ್ಟಲು ಇನ್ನೊಂದು ದಿನ ಮಾತ್ರ ಉಳಿದಿದ್ದವು.

ಹಳೆಯ ಕಲ್ಚರ್‌ನ ಉಳಿದಿದ್ದ ಎರಡು ಕವರ್ ಸ್ಲಿಪ್‌ಗಳಿಗೆ ಬಣ್ಣ ಹಾಕಿದೆ. ಚಪ್ಪಟೆ ಕೋಶಗಳಲ್ಲಿ ಸುಮಾರು ಮೂರರಲ್ಲೊಂದು ಭಾಗ ಜಿಎಫ್‌ಎಪಿ ಹಿಡಿದವು, ಉಳಿದವು ಎರಡಕ್ಕೂ ಹಿಡಿಯಲಿಲ್ಲ. ಆದ್ದರಿಂದ ಇಬ್ಬರ ಮಾತೂ ನಿಜವಾಯಿತು, ಪೊರೆಯ ಪಾಲು ಸ್ವಲ್ಪ ಹೆಚ್ಚು.

ಪಕ್ಕದ ಗುಂಪಿನಿಂದ ಪಡೆದ ತಲೆಗಳಲ್ಲಿ ಎರಡು ವಾರ ಪೊರೆ ಬಿಡಿಸುವುದನ್ನೇ ಮಾಡಿದೆ, ಕಲ್ಚರ್ ಮಾಡಲಿಲ್ಲ. ಘ್ರಾಣಗಡ್ಡೆಯ ಕಡೆಯಿಂದ ಎಳೆಯುವುದು ಮೊದಲ ದಿನ ಒಮ್ಮೆಯೂ ಆಗಲಿಲ್ಲ. ಕೊನೆಗೆ ಚಿಮುಟದ ತುದಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಒಂದು ಕೊಕ್ಕೆಯಂತೆ ಬಾಗಿತ್ತು. ಹೊಸ ಜೋಡಿ ಬಂದ ದಿನ ಪೊರೆ ಒಂದೇ ಹಾಳೆಯಾಗಿ ಬಂದಾಗ ನಾನು ಒಬ್ಬಳೇ ಜೋರಾಗಿ ಕೂಗಿಕೊಂಡೆ. ಈಗ ನನ್ನದೂ ಬೀಗದಲ್ಲಿದೆ.

ಆಮೇಲೆ 17.5ರ ನಾಲ್ಕು ಮರಿಗಳಿಂದ ಮಾಡಿದ ಕಲ್ಚರ್‌ನಲ್ಲಿ ಟ್ರಿಪ್ಸಿನ್‌ವರೆಗೆ 55 ನಿಮಿಷ ಹಿಡಿಯಿತು. ಲೋಳೆಯ ಮುದ್ದೆ ಹೆಸರಿಗಷ್ಟೇ ಕಂಡು ಡಿಎನ್‌ಏಸ್‌ಗೆ ಕರಗಿತು. ಬದುಕಿದ ಕೋಶಗಳು ನೂರಕ್ಕೆ 88. ಆ ಸಲ ಗಾಜನ್ನು ಬೇಕೆಂದೇ ಬದಲಿಸಲಿಲ್ಲ. ಚಪ್ಪಟೆ ಕೋಶಗಳು ಬಹಳ ಕಡಿಮೆಯಾದವು, ಆದರೆ ಗಾಜಿನ ಮೇಲೆ ಉಂಡೆಗಟ್ಟುವುದು ಹಾಗೆಯೇ ಇತ್ತು, ಪ್ಲಾಸ್ಟಿಕ್ ಮೇಲೆ ಇರಲಿಲ್ಲ. ಮುಂದಿನ ಸಲ ಆಮ್ಲದಲ್ಲಿ ತೊಳೆದ ಗಾಜು ಮತ್ತು ಬೋರೇಟ್ ಬಳಸಿದಾಗ ಅದೂ ನಿಂತಿತು. ನಾನು ಲೈಸಿನ್ ಅನ್ನು ನೀರಿನಲ್ಲಿಯೇ ಕರಗಿಸುತ್ತಿದ್ದೆ.

ಇಂದು ಆ ಕಲ್ಚರ್‌ಗೆ 16 ದಿನ. ಮಧ್ಯದ ಗುಳಿಗಳು ಚೆನ್ನಾಗಿವೆ. ಆದರೆ 24 ಗುಳಿಗಳ ತಟ್ಟೆಯ ಅಂಚಿನ ಸಾಲುಗಳಲ್ಲಿ 11ನೆಯ ದಿನದಿಂದ ಕವಲುಗಳು ಮಣಿಸರದಂತೆ ತುಂಡುತುಂಡಾಗುತ್ತಿವೆ. ಮೂರು ದಿನಗಳಿಗೊಮ್ಮೆ ಅರ್ಧ ಮೀಡಿಯಂ ಬದಲಿಸುತ್ತಿದ್ದೇನೆ. ಇದು ಬೇರೆಯೇ ತೊಂದರೆಯೇ?

ಹಳೆಯ ಚಿಮುಟ

ಬೇರೆಯದೇ, ಮತ್ತು ಈ ಸಲ ಕೈಯ ತಪ್ಪಲ್ಲ. ಅಂಚಿನ ಗುಳಿಗಳಲ್ಲಿ ನೀರು ಬೇಗ ಆವಿಯಾಗಿ ಲವಣಗಳು ಸಾಂದ್ರವಾಗುತ್ತವೆ. ಹೆಕ್ ಕೋಶಗಳು ಇದನ್ನು ಸಹಿಸಿಕೊಳ್ಳುತ್ತವೆ, ನರಕೋಶಗಳು ಸಹಿಸುವುದಿಲ್ಲ. ಹೊರಸಾಲಿನ ಗುಳಿಗಳಲ್ಲಿ ಕೋಶ ಹಾಕದೆ ಶುದ್ಧೀಕರಿಸಿದ ನೀರು ತುಂಬಿ, ತಟ್ಟೆಯನ್ನು ಒದ್ದೆ ಕಾಗದವಿರುವ ಸಡಿಲ ಮುಚ್ಚಳದ ಡಬ್ಬಿಯಲ್ಲಿ ಇಡಿ. ಇನ್‌ಕ್ಯುಬೇಟರಿನ ನೀರಿನ ತಟ್ಟೆ ತುಂಬಿದೆಯೇ ಎಂದು ನೋಡಿ, ಬಾಗಿಲನ್ನು ದಿನಕ್ಕೆ ಹತ್ತು ಸಲ ತೆಗೆಯುವ ಇತರರೊಡನೆ ಹಂಚಿಕೊಂಡಿದ್ದರೆ ಅತಿ ಕೆಳಗಿನ ಹಿಂಬದಿಯ ಮೂಲೆಯನ್ನು ನಿಮಗಾಗಿ ಕೇಳಿ ಪಡೆಯಿರಿ.

ಅರ್ಧ ಮೀಡಿಯಂ ತೆಗೆಯುವಾಗ 500 ಮೈಕ್ರೋಲೀಟರ್ ಇರಬೇಕಾದಲ್ಲಿ 400 ಉಳಿದಿದ್ದರೆ, 250 ತೆಗೆದು 250 ಹಾಕಿದರೆ ಪ್ರಮಾಣ 400ರಲ್ಲೇ ಉಳಿಯುತ್ತದೆ. 200 ತೆಗೆದು 300 ಹಾಕಿ. ಉಳಿದ ಮಧ್ಯದ ಎಂಟು ಗುಳಿಗಳಲ್ಲಿ ನಾಲ್ಕನ್ನು ಇವತ್ತೇ ಫಿಕ್ಸ್ ಮಾಡಿ (ಕೋಶಗಳನ್ನು ಇದ್ದ ಸ್ಥಿತಿಯಲ್ಲೇ ಸ್ಥಿರಗೊಳಿಸಿ) ಸಿನಾಪ್ಸ್ ಬಣ್ಣ ಹಾಕಿ, ಇನ್ನು ನಾಲ್ಕನ್ನು 21ರವರೆಗೆ ಬಿಡಿ. ಎಲ್ಲವನ್ನೂ 21ಕ್ಕೆಂದು ಕಾಯ್ದಿರಿಸಬೇಡಿ.